ಲಗ್ನಪತ್ರಿಕೆಗೆ ಬಂದ ಬಿಟ್ಟು ಹೋಗುವ ಹಾಡು

ಪ್ರೆಸ್ಸಿನಲ್ಲಿ ಕೆಲಸ ಮಾಡುವವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಅಕ್ಷರ ಕಂಡರೆ ಸಾಕು, ಕಣ್ಣು ಮೊದಲು ಹೋಗುವುದು ತಪ್ಪಿನ ಕಡೆಗೆ. ಹೋಟೆಲ್ ಬೋರ್ಡು, ಲಾರಿಯ ಹಿಂದಿನ ಬರಹ, ಗಣಪತಿ ಪೆಂಡಾಲಿನ ಫ್ಲೆಕ್ಸು, ಯಾವುದನ್ನೂ ಸುಮ್ನೆ ಓದಲು ಆಗುವುದಿಲ್ಲ. ನಾನು ದಾವಣಗೆರೆಯಲ್ಲಿ ಡಿಟಿಪಿ ಆಪರೇಟರ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಶ್ರದ್ಧಾಂಜಲಿ, ಎಲ್ಲವೂ ನಮ್ಮ ಟೇಬಲ್ ಮೇಲೆಯೇ ಹಾದು ಹೋಗಬೇಕು. ಕೆಲಸ ಮಾಡುವಾಗ ಕಿವಿಯಲ್ಲಿ ಹಾಡು ಇರಲೇಬೇಕು. ಸಿನಿಮಾ ಹಾಡಲ್ಲ, ಇಂಡಿ ಪಾಪ್.

ಇಂಡಿ ಎಂದ ಕೂಡಲೇ ನಮ್ಮ ಮೆಷಿನ್‌ಮ್ಯಾನ್ ವಿಜಯಪುರ ಜಿಲ್ಲೆಯ ಇಂಡಿ ಅಂದುಕೊಂಡಿದ್ದ. ಅಲ್ಲ. ಆ ಊರಿನ ನಿಂಬೆಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ, ತಾವೇ ಬರೆದು, ತಾವೇ ರಾಗ ಹಾಕಿ, ಎಷ್ಟೋ ಸಲ ಮಲಗುವ ಕೋಣೆಯಲ್ಲೇ ರೆಕಾರ್ಡ್ ಮಾಡಿ ಬಿಡುವವರ ಹಾಡು. ಗಿಟಾರು ಜಾಸ್ತಿ, ಗಲಾಟೆ ಕಡಿಮೆ. ರಾಗ ಕುಣಿಯುತ್ತಿರುತ್ತದೆ, ಮಾತು ಅಳುತ್ತಿರುತ್ತದೆ. ಈ ಜಗಳವೇ ನನಗೆ ಇಷ್ಟ.

ಸಿನಿಮಾ ಹಾಡಿನಲ್ಲಿ ಒಂದು ಅನುಕೂಲ ಇದೆ. ಕಥೆ ಮೊದಲೇ ಗೊತ್ತಿರುತ್ತದೆ. ಹೀರೋ ಯಾಕೆ ಮಳೆಯಲ್ಲಿ ನೆನೆಯುತ್ತಿದ್ದಾನೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಹಿಂದಿನ ಸೀನಿನಲ್ಲೇ ಹುಡುಗಿ ಕಪಾಳಕ್ಕೆ ಬಾರಿಸಿರುತ್ತಾಳೆ. ಇಂಡಿ ಹಾಡಿಗೆ ಹಿಂದಿನ ಸೀನ್ ಇಲ್ಲ. ಮೂರೋ ನಾಲ್ಕೋ ನಿಮಿಷದಲ್ಲಿ ಯಾರೋ ಯಾರಿಗೋ ಏನೋ ಹೇಳಿ ಎದ್ದು ಹೋಗುತ್ತಾರೆ. ಯಾರು, ಯಾರಿಗೆ, ಯಾಕೆ, ಎಲ್ಲ ನಾವೇ ಹುಡುಕಿಕೊಳ್ಳಬೇಕು. ಅಭಿಮಾನಿಗಳಿಗೆ ಇದೇ ಹಬ್ಬ. ಹಾಡಿನಲ್ಲಿ ಒಂದು ಕಿಟಕಿ ಬಂದರೆ ಅದು ಮನಸ್ಸು, ಕೊಡೆ ಬಂದರೆ ಅಪ್ಪನ ನೆನಪು, ಬಸ್ಸು ಬಂದರೆ ಸಾವು. ಒಬ್ಬೊಬ್ಬರು ಒಂದೊಂದು ಪುಟ ಬರೆಯುತ್ತಾರೆ. ನಾನು ಎಲ್ಲವನ್ನೂ ಓದುತ್ತೇನೆ. ಓದಿ ಬಹುತೇಕ ಒಪ್ಪುವುದಿಲ್ಲ. ನನ್ನ ತಕರಾರು ಅರ್ಥ ಹುಡುಕುವುದರ ಬಗ್ಗೆ ಅಲ್ಲ, ಹುಡುಕುವ ರೀತಿಯ ಬಗ್ಗೆ.

ಇದನ್ನು ಹೇಳಬೇಕಾದರೆ ದೊಡ್ಡಪ್ಪನ ವಿಷಯಕ್ಕೆ ಬರಬೇಕು.

ಹರಿಹರದ ಹೊಳೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ಅಲ್ಲಿಯ ಒಂದು ಹಳ್ಳಿಯಲ್ಲಿ ದೊಡ್ಡಪ್ಪ ಭಜನಾ ಮಂಡಳಿ ನಡೆಸುತ್ತಾರೆ. ಶ್ರಾವಣ ಬಂತೆಂದರೆ ರಾತ್ರಿಯೆಲ್ಲ ಗುಡಿಯಲ್ಲಿ ಹಾರ್ಮೋನಿಯಂ, ತಾಳ, ದಮ್ಮಡಿ. ಹಾಡುವುದೆಲ್ಲ ತತ್ವಪದ. ಅದರಲ್ಲೂ ಶಿಶುನಾಳ ಶರೀಫರದ್ದು ಜಾಸ್ತಿ. ಶರೀಫರು ಅದೇ ಹಾವೇರಿ ಜಿಲ್ಲೆಯ ಶಿಗ್ಗಾವಿ ಕಡೆಯವರು, ಹುಟ್ಟಿದ್ದು 1819ರಲ್ಲಿ. ಹೀಗಾಗಿ ದೊಡ್ಡಪ್ಪನಿಗೆ ಅವರು ಮನೆಯ ಹಿರಿಯರಿದ್ದ ಹಾಗೆ, ‘ನಮ್ಮ ಶರೀಫಜ್ಜ’ ಎಂದೇ ಮಾತು ಶುರು.

ಆ ಭಜನೆಯಲ್ಲಿ ಹಾಡಿನಷ್ಟೇ ಮುಖ್ಯ ಇನ್ನೊಂದು. ಒಂದು ಪದ ಮುಗಿದ ಮೇಲೆ ಚಹಾ ಬರುತ್ತದೆ. ಚಹಾ ಕುಡಿಯುವಾಗ ಯಾರಾದರೂ ಹುಡುಗರು ‘ಹಂಗಂದ್ರೇನ್ರೀ ಅಜ್ಜಾರ?’ ಎಂದು ಕೇಳುತ್ತಾರೆ. ಆಗ ಪದ ಬಿಡಿಸುವುದು ಶುರುವಾಗುತ್ತದೆ. ಸೋರುವ ಮನೆ ಎಂದರೆ ದೇಹ. ಒಂಬತ್ತು ಬಾಗಿಲು ಎಂದರೆ ಕಣ್ಣು, ಕಿವಿ, ಮೂಗು, ಬಾಯಿ ಇತ್ಯಾದಿ. ಗುಡುಗುಡಿ ಸೇದುವ ಪದ ಬಂದರಂತೂ ದೊಡ್ಡಪ್ಪನಿಗೆ ಖುಷಿ. ಹೊಗೆಸೊಪ್ಪಿನ ಸಂಚಿ ಎಂದರೆ ಮನಸ್ಸು, ಕೊಚ್ಚುವ ಭಂಗಿ ಎಂದರೆ ಮೋಹ, ಮೇಲಿಡುವ ಕೆಂಡ ಎಂದರೆ ಬುದ್ಧಿ. ‘ಲೇ ತಮ್ಮಾ, ಇದು ಸೇದೋ ಗುಡುಗುಡಿ ಅಲ್ಲಪಾ, ಸುಡೋ ಗುಡುಗುಡಿ’ ಎಂದು ಪ್ರತಿ ಸಲವೂ ಹೇಳುತ್ತಾರೆ, ಪ್ರತಿ ಸಲವೂ ಎಲ್ಲರೂ ಮೊದಲ ಸಲ ಕೇಳಿದವರಂತೆ ತಲೆದೂಗುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ತತ್ವಪದಕ್ಕೆ ಒಂದು ಬೀಗದ ಕೈ ಇದೆ. ಆ ಬೀಗದ ಕೈ ಹಾಡಿದವರ ಹತ್ತಿರವೂ ಇತ್ತು, ಕೇಳಿದವರ ಹತ್ತಿರವೂ ಇತ್ತು. ಗುರುವಿನಿಂದ ಶಿಷ್ಯನಿಗೆ, ಮಠದಿಂದ ಊರಿಗೆ ಹರಿದು ಬಂದದ್ದು. ಮನೆ ಎಂದರೆ ದೇಹ ಎಂದು ಶರೀಫರೊಬ್ಬರೇ ಕಟ್ಟಿಕೊಂಡದ್ದಲ್ಲ, ಅವರಿಗಿಂತ ಮುಂಚೆಯೇ ಅದು ಎಲ್ಲರ ಬಾಯಲ್ಲಿತ್ತು. ಅದಕ್ಕೇ ಬಿಡಿಸಿದರೆ ಸರಿಯಾಗಿ ಬಿಚ್ಚಿಕೊಳ್ಳುತ್ತದೆ.

ಇದೇ ಗುಡುಗುಡಿ ಪದವನ್ನು ರಘು ದೀಕ್ಷಿತ್ ತಮ್ಮ ಬ್ಯಾಂಡಿನ ಜೊತೆ ಗಿಟಾರು, ಡ್ರಮ್ಮು ಹಾಕಿ ಹಾಡಿದರಲ್ಲ, 2008ರ ಆಲ್ಬಮ್ಮಿನಲ್ಲಿ. ವಿಶಾಲ್–ಶೇಖರ್ ತಮ್ಮದೇ ಲೇಬಲ್ಲಿನಿಂದ ಬಿಡುಗಡೆ ಮಾಡಿದ್ದು. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಇಂಡಿ ಎಂಬುದು ಕಿವಿಗೆ ಬಿದ್ದದ್ದೇ ಅಲ್ಲಿಂದ. ಹಾಸ್ಟೆಲ್ ಟೆರೇಸ್ ಮೇಲೆ ಆ ಹಾಡು ಹಾಕಿಕೊಂಡು ಸಿಗರೇಟು ಹಚ್ಚಿದವರನ್ನು ನಾನು ಕಂಡಿದ್ದೇನೆ. ಅವರ ಪಾಲಿಗೆ ಅದು ಸೇದುವ ಹಾಡೇ. ದೊಡ್ಡಪ್ಪನಿಗೆ ಇದನ್ನು ಹೇಳಿದರೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು. ‘ಸೇದ್ಲಿ ಬಿಡು. ಪದ ಬಾಯಾಗ ಉಳಿದ್ರ ಅರ್ಥ ಹಿಂದಿಂದ ಬರ್ತೈತಿ’ ಎಂದರು. ಈ ಧಾರಾಳತನ ನನಗೆ ಇಲ್ಲ.

ಸರಿ, ತೊಂದರೆ ಎಲ್ಲಿ ಎಂದರೆ, ನಮ್ಮ ಅಭಿಮಾನಿಗಳು ಇಂಡಿ ಪಾಪ್ ಹಾಡನ್ನೂ ತತ್ವಪದದ ಹಾಗೆಯೇ ಬಿಡಿಸಲು ಹೋಗುತ್ತಾರೆ. ಕೊಡೆ ಎಂದರೆ ಇದು, ಬಸ್ಸು ಎಂದರೆ ಅದು ಎಂದು ಪಟ್ಟಿ ಮಾಡುತ್ತಾರೆ. ಆದರೆ ಇಲ್ಲಿ ಊರಿಗೆಲ್ಲ ಗೊತ್ತಿರುವ ಬೀಗದ ಕೈ ಇಲ್ಲ. ಬರೆದವನು ಒಂಟಿ. ಅವನ ಕೊಡೆ ಅವನದೇ ಕೊಡೆ. ಬಹುಶಃ ಅವತ್ತು ನಿಜವಾಗಿಯೂ ಮಳೆ ಬಂದಿತ್ತು. ಅದನ್ನು ಕೊಡೆಯಾಗಿಯೇ ಇರಲು ಬಿಡಬೇಕು ಎನ್ನುವುದು ನನ್ನ ವಾದ. ಅರ್ಥ ಇರುವುದು ಕೊಡೆಯ ಒಳಗಲ್ಲ, ಕೊಡೆಯ ಬಗ್ಗೆ ಇಷ್ಟೊಂದು ಮಾತಾಡಿ ಅವನು ಯಾವುದರ ಬಗ್ಗೆ ಬಾಯಿ ಬಿಡಲಿಲ್ಲ ಎನ್ನುವುದರಲ್ಲಿ.

ಇಂಥ ಓದು ಕನ್ನಡದವರಿಗೆ ಹೊಸದೇನಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಬಂದದ್ದು 1942ರಲ್ಲಿ. ಅದರಲ್ಲಿ ರಾಯರು ಮಾವನ ಮನೆಗೆ ಬರುವ ಹಾಡು ಯಾರಿಗೆ ಗೊತ್ತಿಲ್ಲ? ದೂರದ ಊರಿನಿಂದ ಹತ್ತಿ ಇಳಿದು ಅಳಿಯ ರಾತ್ರಿ ಬರುತ್ತಾನೆ. ಮನೆಯವರೆಲ್ಲ ಉಪಚಾರ ಮಾಡುತ್ತಾರೆ. ಹೆಂಡತಿ ಪದುಮ ಮಾತ್ರ ಕಾಣಿಸುವುದಿಲ್ಲ, ಅವಳ ಬಳೆಯ ಸದ್ದೂ ಇಲ್ಲ. ಬೆಳಗಾಗುತ್ತದೆ, ರಾಯರು ಮುನಿಸಿಕೊಂಡು ಹೊರಡುತ್ತೇನೆ ಎನ್ನುತ್ತಾರೆ. ಆಗ ನಾದಿನಿ ರಾಗವಾಗಿ ಒಳಗೆ ನೀರಾಯಿತು ಎನ್ನುತ್ತಾಳೆ. ಯಾರಿಗೆ? ಪದುಮಳಿಗೆ. ಆಮೇಲೆ ಪದುಮ ಹೂವು ಮುಡಿಯುತ್ತಾ ಕೋಣೆಗೆ ಬರುತ್ತಾಳೆ. ಮುಗಿಯಿತು.

ಅವಳು ರಾತ್ರಿಯೆಲ್ಲ ಎಲ್ಲಿದ್ದಳು? ಕವಿ ಹೇಳುವುದಿಲ್ಲ. ಚಿಕ್ಕವನಿದ್ದಾಗ ನಾನು ಇದನ್ನು ಅಮ್ಮನಿಗೆ ಕೇಳಿದ್ದೆ. ಅಮ್ಮ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ‘ಹೊರಗಿದ್ಳು ಕಣೋ’ ಎಂದರು. ಹೊರಗೆ ಎಂದರೆ ಎಲ್ಲಿ, ಅಂಗಳದಲ್ಲಾ ಎಂದೆ. ‘ದೊಡ್ಡೋನಾದ್ಮೇಲೆ ಗೊತ್ತಾಗತ್ತೆ, ಹೋಗು’ ಎಂದು ಒಂದು ಕಲ್ಲನ್ನು ಕಿಟಕಿಯಿಂದಾಚೆ ಎಸೆದರು. ಮುಟ್ಟಾದ ಹೆಂಗಸು ಹೊರಗೆ ಕೂರುತ್ತಿದ್ದ ಕಾಲದ ಹಾಡು ಅದು. ಬೆಳಗಿನ ನೀರು ಯಾಕೆ ಎಂದು ಆಗಿನ ಹೆಂಗಸರಿಗೆಲ್ಲ ತಕ್ಷಣ ಗೊತ್ತಾಗುತ್ತಿತ್ತು. ಇಡೀ ಹಾಡು ನಿಂತಿರುವುದು ಆ ಹೇಳದ ಮಾತಿನ ಮೇಲೆ. ಹಾಗೆಂದು ಅಲ್ಲಿಯ ನೀರು ಆತ್ಮವಲ್ಲ, ಹೂವು ಮೋಕ್ಷವಲ್ಲ. ನೀರು ನೀರೇ, ಹೂವು ಹೂವೇ. ಅವೆರಡನ್ನೂ ಸರಿಯಾದ ಜಾಗದಲ್ಲಿ ಇಟ್ಟದ್ದರಿಂದ ಹೇಳದ್ದು ಕೇಳಿಸುತ್ತದೆ.

ಇಂಡಿ ಪಾಪ್ ಸಾಹಿತ್ಯವನ್ನು ಗುಡುಗುಡಿಯ ಹಾಗೆ ಬಿಡಿಸಬಾರದು, ಪದುಮಳ ಹಾಡಿನ ಹಾಗೆ ಕೇಳಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಉದಾಹರಣೆ.

ಉದಾಹರಣೆ ತಾನಾಗಿಯೇ ಪ್ರೆಸ್ಸಿಗೆ ನಡೆದು ಬಂತು. ಯುಗಾದಿ ಕಳೆದ ಮೇಲಿನ ಮದುವೆ ಸೀಸನ್. ನಿಟ್ಟುವಳ್ಳಿ ಕಡೆಯ ಒಬ್ಬ ಹುಡುಗ, ಬೆಂಗಳೂರಿನಲ್ಲಿ ಕೆಲಸ, ಸೋದರಮಾವನನ್ನು ಕರೆದುಕೊಂಡು ಲಗ್ನಪತ್ರಿಕೆ ಮಾಡಿಸಲು ಬಂದ. ಸ್ಯಾಂಪಲ್ ಆಲ್ಬಂ ನೋಡಿ ಕಾರ್ಡು ಆರಿಸಿದರು. ಮೇಲೆ ಕುಲದೇವರ ಪ್ರಸನ್ನ, ಕೆಳಗೆ ಸುಖಾಗಮನ ಬಯಸುವವರ ಉದ್ದನೆಯ ಪಟ್ಟಿ, ಎಲ್ಲ ಮಾಮೂಲು. ಹಿಂಬದಿ ಖಾಲಿ ಇತ್ತಲ್ಲ, ಅಲ್ಲಿ ಇಂಗ್ಲಿಷಿನ ಒಂದು ಸಾಲು ಹಾಕಬೇಕು ಎಂದು ಹುಡುಗ ಮೊಬೈಲ್ ತೋರಿಸಿದ. ನೋಡಿದ ಕೂಡಲೇ ಗೊತ್ತಾಯಿತು. ಪ್ರತೀಕ್ ಕುಹಾಡ್ ಹಾಡು, ‘ಕೋಲ್ಡ್/ಮೆಸ್’.

ಗೊತ್ತಿಲ್ಲದವರಿಗೆ: ಪ್ರತೀಕ್ ಕುಹಾಡ್ ಜೈಪುರದ ಹುಡುಗ. ನ್ಯೂಯಾರ್ಕಿನಲ್ಲಿ ಗಣಿತ, ಅರ್ಥಶಾಸ್ತ್ರ ಓದಿ ಬಂದು ಹಾಡು ಹಿಡಿದವನು. ಈ ಹಾಡು ಬಂದದ್ದು 2018ರಲ್ಲಿ, ಅದೇ ಹೆಸರಿನ ಇಪಿಯಲ್ಲಿ, ಎಂದರೆ ಕೆಲವೇ ಹಾಡುಗಳ ಪುಟ್ಟ ಆಲ್ಬಮ್ಮಿನಲ್ಲಿ. ಮರುವರ್ಷ ಬರಾಕ್ ಒಬಾಮ ತಮ್ಮ ಮೆಚ್ಚಿನ ಹಾಡುಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ ಮೇಲೆ ಕೇಳದವರೂ ಕೇಳಿದರು.

ಹುಡುಗ ಹಾಕಬೇಕೆಂದ ಸಾಲಿನ ಸಾರ ಇಷ್ಟು: ನನ್ನ ಹಗಲು ಶುರುವಾಗುವುದು ನಿನ್ನ ಹೆಸರಿನಿಂದ, ರಾತ್ರಿ ಮುಗಿಯುವುದು ನಿನ್ನ ಉಸಿರಿನಿಂದ. ಲಗ್ನಪತ್ರಿಕೆಗೆ ಹೇಳಿ ಮಾಡಿಸಿದಂತಿದೆ, ಅಲ್ವಾ? ಆದರೆ ಇದಕ್ಕೂ ಮುಂಚೆ ಒಂದು ಮಾತಿದೆ. ನಿನ್ನನ್ನು ಬಿಟ್ಟು ಹೋಗಲು ಆಗಿದ್ದಿದ್ದರೆ ಚೆನ್ನಾಗಿತ್ತು, ಏನು ಮಾಡಲಿ, ಮನಸ್ಸು ಚೆಲ್ಲಾಪಿಲ್ಲಿಯಾಗಿದೆ, ಅಂತ. ಹಾಡು ಶುರುವಾಗುವುದೇ ಹಾಗೆ.

ಈಗ ಎರಡನ್ನೂ ಕೂಡಿಸಿ ಓದಿ. ಬಿಟ್ಟು ಹೋಗಬೇಕು ಎನ್ನುವವನು ‘ಬೆಳಗಾದರೆ ನಿನ್ನ ಹೆಸರು’ ಎಂದರೆ ಅದು ಹೊಗಳಿಕೆಯಾ? ನಮ್ಮ ಮನೆಗಳಲ್ಲಿ ‘ಬೆಳಗಾದ್ರೆ ನಿಂದೇ ಗೋಳು’ ಎನ್ನುತ್ತೇವಲ್ಲ, ಅದರ ಅಣ್ಣನೋ ತಮ್ಮನೋ ಇದು. ಪ್ರೀತಿ ಇಲ್ಲ ಎಂದಲ್ಲ. ಪ್ರೀತಿ ಇದೆ, ಅದೇ ಅವನ ದೂರು. ಈ ಸಾಲನ್ನು ಕತ್ತರಿಸಿ ಒಂಟಿಯಾಗಿ ಇಟ್ಟರೆ ಮುದ್ದಾಗಿ ಕಾಣುತ್ತದೆ. ಪಕ್ಕದ ಸಾಲಿನ ಜೊತೆ ಇಟ್ಟರೆ ಅದೇ ಸಾಲು ಸಿಕ್ಕಿ ಬಿದ್ದವನ ಮಾತು.

ಅದರ ಮೇಲೆ ಅಲ್ಪವಿರಾಮದ ತಾಪತ್ರಯ. ಹುಡುಗನ ಮೊಬೈಲಿನಲ್ಲಿದ್ದ ಪೂರ್ತಿ ಸಾಹಿತ್ಯದಲ್ಲಿ ಒಂದೂ ಅಲ್ಪವಿರಾಮ ಇರಲಿಲ್ಲ. ಎಲ್ಲಿಂದಲೋ ಎತ್ತಿದ್ದು. ಇಂಗ್ಲಿಷಿನ ಆ ಮೊದಲ ಸಾಲಿನ ಕೊನೆಗೆ ‘ಮೈ ಲವ್’ ಎಂದಿದೆ. ಅದರ ಮುಂಚೆ ಒಂದು ಅಲ್ಪವಿರಾಮ ಕೊಟ್ಟರೆ, ನನ್ನ ಮುದ್ದೇ, ನಿನ್ನನ್ನು ಬಿಟ್ಟು ಹೋಗುವಂತಿದ್ದರೆ ಎಂದಾಗುತ್ತದೆ. ಕೊಡದಿದ್ದರೆ, ನನ್ನ ಪ್ರೀತಿಯನ್ನು ನಿನ್ನ ಹತ್ತಿರ ಬಿಟ್ಟು ಹೋಗುವಂತಿದ್ದರೆ ಎಂದೂ ಓದಬಹುದು. ಮೊದಲನೆಯದರಲ್ಲಿ ಅವಳನ್ನು ಬಿಡುತ್ತಾನೆ, ಎರಡನೆಯದರಲ್ಲಿ ಪ್ರೀತಿಯನ್ನು ಅವಳಿಗೇ ಕೊಟ್ಟು ಹಗುರಾಗಿ ಹೋಗುತ್ತಾನೆ. ಹಾಡುವಾಗ ಅಲ್ಪವಿರಾಮ ಕೇಳಿಸುವುದಿಲ್ಲ. ಮೊದಲನೆಯದೇ ಸರಿ ಎಂದು ನನ್ನ ನಂಬಿಕೆ, ಹಾಡಿನ ದಾರಿ ಆ ಕಡೆಗೇ ಇದೆ. ಆದರೂ ಎರಡನೆಯದು ಒಂದು ಸಲ ತಲೆಗೆ ಹೊಕ್ಕರೆ ಹೋಗುವುದಿಲ್ಲ.

ಹೆಸರಿನ ಮಧ್ಯೆ ಇರುವ ಸ್ಲ್ಯಾಶ್ ಕೂಡ ನನಗೆ ಆಟದ ಸಾಮಾನು. ಆ ಇಪಿಯ ಇನ್ನೂ ಒಂದೆರಡು ಹಾಡಿನ ಹೆಸರಿನಲ್ಲಿ ಅದೇ ಗೆರೆ ಇದೆ. ನಾವು ಅರ್ಜಿ ಫಾರಂ ಪ್ರಿಂಟ್ ಮಾಡುವಾಗ ಶ್ರೀ/ಶ್ರೀಮತಿ ಎಂದು ಹಾಕಿ ಕೆಳಗೆ ‘ಅನ್ವಯಿಸದ್ದನ್ನು ಹೊಡೆದು ಹಾಕಿ’ ಎಂದು ಚಿಕ್ಕ ಅಕ್ಷರದಲ್ಲಿ ಹಾಕುತ್ತೇವಲ್ಲ, ಹಾಗೆ. ಈ ಹಾಡಿನವನು ಯಾವುದನ್ನೂ ಹೊಡೆದು ಹಾಕಿಲ್ಲ. ಫಾರಂ ಹಾಗೆಯೇ ಕೊಟ್ಟಿದ್ದಾನೆ.

ಪ್ರೂಫ್ ತೆಗೆಯುವ ಮುಂಚೆ ಹುಡುಗನಿಗೆ ಮೆಲ್ಲಗೆ ಹೇಳಿದೆ, ‘ಇದರ ಹಿಂದಿನ ಲೈನ್ ನೋಡಿದೀರಾ?’ ಅವನು, ‘ಅಷ್ಟೆಲ್ಲ ಯಾರು ನೋಡ್ತಾರೆ ಸರ್’ ಎಂದ. ಅದೂ ನಿಜವೇ. ಅಷ್ಟರಲ್ಲಿ ಮಾವ ಕನ್ನಡಕ ಏರಿಸಿ, ‘ಏನಪ್ಪಾ ಅದು ಇಂಗ್ಲಿಷು?’ ಎಂದರು. ‘ಪ್ರೀತಿ ಬಗ್ಗೆ ಮಾಮ’ ಎಂದ ಹುಡುಗ. ಯಾವುದಕ್ಕೂ ಇರಲಿ ಎಂದು ಮದುವೆ ಹುಡುಗಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಜೋರಾಗಿ ನಗು. ‘ಅದ್ರ ಮುಂಚಿನ ಲೈನ್ ಏನು ಹೇಳು ನೋಡೋಣ?’ ಎಂದಳು. ಹುಡುಗ ಸ್ಪೀಕರ್ ಆಫ್ ಮಾಡಿ ಹೊರಗೆ ಹೋದ. ಮಾವ ನನ್ನ ಕಡೆ ತಿರುಗಿ, ‘ಇಂಗ್ಲಿಷ್ ತೆಗೆದು ಹಾಕಪ್ಪಾ. ಅಲ್ಲಿ ಆಶೀರ್ವಾದವೇ ಉಡುಗೊರೆ ಅಂತ ಹಾಕು’ ಎಂದರು. ಹಾಗೆಯೇ ಹಾಕಿದೆವು, ಚಿನ್ನದ ಫಾಯಿಲಿನಲ್ಲಿ.

ಆ ಹುಡುಗಿಯನ್ನು ನಾನು ನೋಡಿಲ್ಲ. ಆದರೆ ಹಾಡು ಕೇಳುವುದು ಹೇಗೆ ಎಂದು ಅವಳಿಗೆ ಗೊತ್ತಿದೆ. ಕೊಟ್ಟ ಸಾಲನ್ನು ಅಗೆಯಲಿಲ್ಲ, ಕೊಡದ ಸಾಲು ಎಲ್ಲಿ ಎಂದು ಕೇಳಿದಳು.

ಈ ಹಾಡಿಗೆ ಒಂದು ವಿಡಿಯೊ ಇದೆ. ಜಿಮ್ ಸರ್ಭ್, ಜೋಯಾ ಹುಸೇನ್ ನಟಿಸಿದ್ದಾರೆ. ಚೆನ್ನಾಗಿಯೂ ಇದೆ. ಆದರೆ ಅದನ್ನು ನೋಡಿದ ಮೇಲೆ ಹಾಡಿನ ‘ನಾನು’ ಎಂದರೆ ಜಿಮ್ ಸರ್ಭ್ ಆಗಿಬಿಡುತ್ತಾನೆ, ಅವನ ಗಡ್ಡ ಸಮೇತ. ಇಂಡಿ ಹಾಡಿಗೂ ಹಿಂದಿನ ಸೀನ್ ತಂದು ಅಂಟಿಸಿದ ಹಾಗೆ. ಅದಕ್ಕೇ ನಾನು ವಿಡಿಯೊ ನೋಡುವುದು ಕೊನೆಗೆ.

ಇನ್ನೊಂದು ಬಗೆಯ ಅಭಿಮಾನಿಗಳಿದ್ದಾರೆ. ಅವರಿಗೆ ವಸ್ತು ಬೇಡ, ಜಾತಕ ಬೇಕು. ಹಾಡು ಬರೆದವನು ಆಗ ಯಾರ ಜೊತೆ ಓಡಾಡುತ್ತಿದ್ದ, ಯಾವ ಊರಿನಲ್ಲಿದ್ದ, ಯಾರು ಕೈ ಕೊಟ್ಟರು. ನನ್ನ ಚಿಕ್ಕಪ್ಪನ ಮಗಳು ಈ ಪಂಗಡ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ, ವಾಟ್ಸಾಪಿನಲ್ಲಿ ನನ್ನ ಜೊತೆ ಜಗಳ ಮಾಡುತ್ತಾಳೆ. ನನಗೆ ಬೆಲ್ ಆಂಡ್ ಸೆಬಾಸ್ಟಿಯನ್ ಎಂಬ ಬ್ಯಾಂಡನ್ನು ಕೇಳಿಸಿದ್ದು ಅವಳೇ, ಆ ಋಣ ಇದೆ. ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದು ಬೈಕು, ಆಟೊ, ತಳ್ಳುಗಾಡಿ ಎಲ್ಲ ಒಂದರ ಮೇಲೊಂದು ನಿಂತಿರುವಾಗ ಅವರ ಹಾಡು ಕೇಳಿದರೆ ಗೂಡ್ಸ್ ಗಾಡಿ ಇನ್ನೂ ಉದ್ದ ಇರಬಾರದಿತ್ತೇ ಅನ್ನಿಸುತ್ತಿತ್ತು.

ಸ್ಕಾಟ್ಲೆಂಡಿನ ಗ್ಲಾಸ್ಗೋದವರು. ಮೊದಲ ಆಲ್ಬಂ 1996ರಲ್ಲಿ ಬಂತು. ಅದೂ ಅಲ್ಲಿಯ ಒಂದು ಕಾಲೇಜಿನ ಸಂಗೀತ ವ್ಯಾಪಾರದ ಕೋರ್ಸಿನ ಭಾಗವಾಗಿ, ಬರೀ 1000 ಪ್ರತಿ. ಪ್ರೆಸ್ಸಿನವನಿಗೆ ಈ ಸಂಖ್ಯೆ ಕೇಳಿದರೆ ಹತ್ತಿರದವರು ಅನ್ನಿಸುತ್ತದೆ, ನಮ್ಮಲ್ಲಿ ಲಗ್ನಪತ್ರಿಕೆ ಹೊಡೆಯುವುದೇ ಅಷ್ಟು. ಹಾಡು ಬರೆಯುವ ಸ್ಟುವರ್ಟ್ ಮರ್ಡೋಕ್ ಬ್ಯಾಂಡ್ ಕಟ್ಟುವ ಮುಂಚೆ ವರ್ಷಗಟ್ಟಲೆ ಕಾಯಿಲೆ ಬಿದ್ದಿದ್ದರು. ಮೈಯಲ್ಲಿ ಶಕ್ತಿಯೇ ಇಲ್ಲದೆ ಮನೆ ಹಿಡಿಯುವಂತೆ ಮಾಡುವ, ವರ್ಷಾನುಗಟ್ಟಲೆ ಬಿಡದ ಆಯಾಸದ ರೋಗ. ಆ ಕಾಲದಲ್ಲೇ ಹಾಡು ಕಟ್ಟುವುದು ಕೈ ಹತ್ತಿದ್ದು.

ತಂಗಿಗೆ ಇದು ಗೊತ್ತಾದ ದಿನದಿಂದ ಅವರ ಹಾಡುಗಳೆಲ್ಲ ಆಸ್ಪತ್ರೆಯ ಹಾಡುಗಳಾದವು. ಹಾಸಿಗೆ ಬಂದರೆ ರೋಗ, ಕೋಣೆ ಬಂದರೆ ರೋಗ, ಹುಡುಗಿ ಓಡಿದರೆ ‘ಅಣ್ಣಾ ನೋಡು, ತಾನು ಓಡಕ್ಕಾಗಲ್ಲ ಅಂತ ಓಡಿಸ್ತಿದಾನೆ’. ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಮಲಗಿದ ಮನುಷ್ಯ ಕಿಟಕಿಯಿಂದ ಹೊರಗಿನವರನ್ನು ನೋಡುವ ಹಾಗೆ ಆ ಹಾಡುಗಳು ಬೇರೆಯವರ ಬದುಕನ್ನು ನೋಡುತ್ತವೆ, ಅದು ದಿಟ. ಇಷ್ಟರ ಮಟ್ಟಿಗೆ ಜಾತಕ ಉಪಯೋಗಕ್ಕೆ ಬರುತ್ತದೆ. ಆದರೆ ಆ ಹಾಡುಗಳಲ್ಲಿ ಶಾಲೆಯ ಹುಡುಗಿಯರಿದ್ದಾರೆ, ಚರ್ಚಿನವರಿದ್ದಾರೆ, ಬಸ್ಸಿನಲ್ಲಿ ಹೋಗುವವರಿದ್ದಾರೆ. ಅವರನ್ನೆಲ್ಲ ಒಬ್ಬ ರೋಗಿಯ ಕನಸು ಎಂದು ಬರೆದು ಹಾಕಿದರೆ ಪಾಪ, ಅವರ ಪಾಡೇನು? ಬೇರೆಯವರ ಬಗ್ಗೆ ಬರೆಯಲು ಅವನು ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಆ ಬ್ಯಾಂಡಿನ ಹೆಸರಿನಲ್ಲೇ ಒಂದು ಚಂದದ ಕಿತಾಪತಿ ಇದೆ. ಬೆಲ್ ಮತ್ತು ಸೆಬಾಸ್ಟಿಯನ್ ಎಂದರೆ ಎಲ್ಲರೂ ಪ್ರೇಮಿಗಳು ಎಂದುಕೊಳ್ಳುತ್ತಾರೆ. ಹೆಸರು ಬಂದದ್ದು ಫ್ರೆಂಚ್ ಲೇಖಕಿ ಸೆಸಿಲ್ ಓಬ್ರಿ ಬರೆದ ಮಕ್ಕಳ ಕಥೆಯಿಂದ. ಅಲ್ಲಿ ಸೆಬಾಸ್ಟಿಯನ್ ಒಬ್ಬ ಹುಡುಗ, ಬೆಲ್ ಒಂದು ದೊಡ್ಡ ಬಿಳಿ ನಾಯಿ. ಸರಿ, ನಾಯಿ ಎಂದು ನಿಶ್ಚಿಂತೆಯಿಂದ ಇರೋಣ ಎಂದರೆ, ಮೊದಲ ಆಲ್ಬಮ್ಮಿನ ಕವರಿನ ಮೇಲೆ ಅವರೇ ಒಂದು ಪುಟ್ಟ ಕಥೆ ಅಚ್ಚು ಹಾಕಿದ್ದಾರೆ. ಅದರಲ್ಲಿ ಸೆಬಾಸ್ಟಿಯನ್‌ಗೆ ಇಸಬೆಲ್ ಎಂಬ ಹುಡುಗಿ ಗ್ಲಾಸ್ಗೋದ ಹಿಲ್‌ಹೆಡ್ ಸ್ಟೇಷನ್ನಿನ ಹೊರಗೆ ಸಿಗುತ್ತಾಳೆ! ನಾಯಿಯೂ ಹೌದು, ಹುಡುಗಿಯೂ ಹೌದು. ಆ ಕಾಲದಲ್ಲಿ ಇವರು ಸಂದರ್ಶನ ಕೊಡುವುದಕ್ಕೂ ಹಿಂದೆ ಮುಂದೆ ನೋಡುತ್ತಿದ್ದರು. ಕೇಳೋಣ ಎಂದರೆ ಸಿಗುತ್ತಿರಲಿಲ್ಲ.

ಹಿಲ್‌ಹೆಡ್ ನೆಲದಡಿಯ ರೈಲಿನ ಸ್ಟೇಷನ್. ಗ್ಲಾಸ್ಗೋದ ಆ ರೈಲು 1896ರಷ್ಟು ಹಳೆಯದು. ನೆಲದಡಿ ಎಂದಿದ್ದೇ ತಡ, ತಂಗಿಯ ಗೆಳತಿಯೊಬ್ಬಳು ಪಾತಾಳ, ಸಾವು, ಮರುಹುಟ್ಟು ಎಂದೆಲ್ಲ ದೊಡ್ಡ ಮೆಸೇಜು ಕಳಿಸಿದಳು. ನಾನು ಅಂದೆ, ಜಯದೇವ ಸರ್ಕಲ್ಲಿನಲ್ಲಿ ಹುಡುಗಿ ಸಿಕ್ಕಳು ಎಂದು ದಾವಣಗೆರೆಯ ಹುಡುಗ ಹಾಡಿದರೆ ಅವಳು ಜಯದೇವ ಸರ್ಕಲ್ಲಿನಲ್ಲಿ ಸಿಕ್ಕಳು ಎಂದೇ ಅರ್ಥ. ಅಲ್ಲಿ ವೃತ್ತ ಎಂದರೆ ಕಾಲಚಕ್ರ ಎನ್ನಬೇಡಿ. ಬೇಕಿದ್ದರೆ ಹೀಗೆ ಕೇಳಿ, ಅಷ್ಟು ಜನ ಓಡಾಡುವ ಕಡೆ ಯಾಕೆ ಸಿಕ್ಕರು, ಕುಂದವಾಡ ಕೆರೆ ಏರಿ ಮೇಲೆ ಯಾಕೆ ಸಿಗಲಿಲ್ಲ? ಅಂದರೆ ಇನ್ನೂ ಯಾರಿಂದಲೂ ಬಚ್ಚಿಡುವ ಹಂತಕ್ಕೆ ಬಂದಿರಲಿಲ್ಲ. ಅಲ್ಲಿಂದ ಕಥೆ ತಾನಾಗಿ ಬಿಚ್ಚುತ್ತದೆ. ಗೆಳತಿ ಒಂದು ನಗುವ ಮುಖ ಹಾಕಿ ಸುಮ್ಮನಾದಳು. ಒಪ್ಪಿದಳೋ ಬೇಸರಿಸಿಕೊಂಡಳೋ ತಿಳಿಯದು.

ಮೊನ್ನೆ ದೊಡ್ಡಪ್ಪ ಪ್ರೆಸ್ಸಿಗೆ ಬಂದಿದ್ದರು. ಮಂಡಳಿಯ ಪದಗಳ ಪುಸ್ತಕ ಮತ್ತೆ ಅಚ್ಚಾಗಬೇಕು. ಹಳೆಯ ಫೈಲು ಹಳೆಯ ನುಡಿ ಫಾಂಟಿನಲ್ಲಿತ್ತು, ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ ಅಲ್ಲಲ್ಲಿ ಉದುರಿದ್ದವು. ಒಂದೊಂದೇ ಸರಿ ಮಾಡುತ್ತಾ ಕೂತಿದ್ದೆ. ಪಕ್ಕದಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದವರು, ‘ನಿನ್ನ ಕಿವಿಯಾಗ ಏನೈತಿ, ನನಗೂ ಹಾಕು’ ಎಂದರು. ಒಂದು ಬದಿಯ ಇಯರ್‌ಫೋನ್ ಕೊಟ್ಟೆ. ಅದೇ ಕುಹಾಡ್ ಹಾಡು ಬರುತ್ತಿತ್ತು. ಒಂದೆರಡು ಸಾಲಿನ ಅರ್ಥ ಹೇಳಿದೆ, ಬಿಟ್ಟು ಹೋಗುವ ಮಾತು, ಹೆಸರು, ಉಸಿರು. ಈಗ ಮನಸ್ಸೆಂದರೆ ಸಂಚಿ ಎನ್ನುತ್ತಾರೆ ಎಂದು ಕಾದೆ.

ಅವರು ಹಾಗೇನೂ ಅನ್ನಲಿಲ್ಲ. ‘ಆಕಿ ಎದುರಿಗೆ ಅದಾಳೋ ಇಲ್ಲೋ?’ ಎಂದರು.

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ರಾತ್ರಿ ಮನೆಗೆ ಹೋಗಿ ಮತ್ತೆ ಮತ್ತೆ ಹಾಕಿ ಕೇಳಿದೆ. ರಾತ್ರಿ ಮುಗಿಯುವುದು ಅವಳ ಉಸಿರಿನಿಂದ. ಅಂದರೆ ಅವಳ ಉಸಿರು ಅವನಿಗೆ ಕೇಳಿಸುತ್ತಿದೆ. ಇಬ್ಬರೂ ಎಚ್ಚರವಿದ್ದು ಮಾತಾಡುತ್ತಿದ್ದರೆ ಉಸಿರು ಯಾರಿಗೆ ಕೇಳಿಸುತ್ತದೆ? ಅವಳು ಮಲಗಿದ್ದಾಳೆ, ಇವನಿಗೆ ನಿದ್ದೆ ಇಲ್ಲ. ಎದುರಿಗೇ ಇದ್ದಾಳೆ, ಆದರೆ ಅವಳ ಕಿವಿಗೆ ಬೀಳುವುದಿಲ್ಲ. ಬಿಟ್ಟು ಹೋಗಬೇಕು ಎಂಬ ಮಾತನ್ನು ಅವಳು ಎದ್ದಿರುವಾಗ ಹೇಳುವ ಧೈರ್ಯ ಅವನಿಗಿಲ್ಲ. ಹೀಗೆ ಕೇಳಿದರೆ ಆ ಮುದ್ದಿನ ಕರೆ ಕೂಡ ಬೇರೆ ಆಗುತ್ತದೆ, ಎಬ್ಬಿಸದ ಹಾಗೆ ಕರೆಯುವ ಕರೆ.

ಇದನ್ನು ತಂಗಿಗೆ ಬರೆದು ಕಳಿಸಿದೆ. ಅವಳು ಒಪ್ಪಲಿಲ್ಲ. ‘ಅಣ್ಣಾ, ಮಲಗಿರೋರ ಪಕ್ಕ ಯಾರಾದ್ರೂ ಅಷ್ಟು ಜೋರಾಗಿ ಕೋರಸ್ ಹಾಡ್ತಾರಾ? ಅವಳು ಆಗಲೇ ಹೋಗಿಯಾಗಿದೆ. ಇವನು ಒಬ್ಬನೇ ನೆನೆಸ್ಕೊಂಡು ಹಾಡ್ತಿದಾನೆ’ ಎಂದು ವಾಯ್ಸ್ ಮೆಸೇಜು. ಹೋಗಿಯಾಗಿದ್ದರೆ ಬಿಟ್ಟು ಹೋಗುವಂತಿದ್ದರೆ ಎಂದು ಯಾಕೆ ಹಾಡಬೇಕು, ಬಿಡಲು ಯಾರಿದ್ದಾರೆ ಎಂದು ನಾನು. ಅವಳು ಹೋದರೂ ಇವನು ಬಿಟ್ಟಿಲ್ಲವಲ್ಲ ಎಂದು ಅವಳು. ಈ ಮಾತಿಗೆ ಸ್ವಲ್ಪ ಬೆಲೆ ಕೊಡಬೇಕು. ಆದರೂ ಉಸಿರು ವರ್ತಮಾನದಲ್ಲಿದೆ, ಅದನ್ನು ಅವಳು ಹೇಗೆ ದಾಟುತ್ತಾಳೋ ನೋಡಬೇಕು. ದೀಪಾವಳಿಗೆ ಊರಿಗೆ ಬರುತ್ತಾಳಂತೆ. ದೊಡ್ಡಪ್ಪನನ್ನೂ ಕೂರಿಸಿಕೊಂಡು ಪೂರ್ತಿ ಸಾಹಿತ್ಯ ಪ್ರಿಂಟ್ ತೆಗೆದು ಇತ್ಯರ್ಥ ಮಾಡೋಣ ಎಂದಿದ್ದೇನೆ. ಅಲ್ಪವಿರಾಮ ನಾನು ಹಾಕುವ ಹಾಗಿಲ್ಲ ಎಂದು ಅವಳ ಷರತ್ತು.